ಎಂಬತ್ತೆರಡು ಸೆಂಟಿಮೀಟರ್ ದಾರಿ

ನನ್ನ ತರಗತಿಯ ಮಕ್ಕಳ ಪ್ರಕಾರ ಉತ್ತರ ದಿಕ್ಕು ಇರುವುದು ಮೇಲೆ, ಫ್ಯಾನಿನ ಹತ್ತಿರ. ದಸರಾ ರಜೆ ಮುಗಿದ ಮೊದಲ ವಾರ ಆರು ಮತ್ತು ಏಳನೆಯ ತರಗತಿಯವರನ್ನು ಒಟ್ಟಿಗೆ ಕೂರಿಸಿಕೊಂಡು, "ಉತ್ತರ ಎಲ್ಲೈತಿ, ಕೈ ಮಾಡಿ ತೋರಸ್ರಿ" ಎಂದೆ. ಇಪ್ಪತ್ತಾರು ಕೈಗಳು ಒಮ್ಮೆಗೇ ಮೇಲೆದ್ದವು. ದಕ್ಷಿಣ ಎಂದರೆ ಎಲ್ಲರೂ ನೆಲ ತೋರಿಸಿದರು. ಮೊದಲು ನಗು ಬಂತು. ಆದರೆ ತಪ್ಪು ಅವರದಲ್ಲ. "ನಕಾಶೆಯಲ್ಲಿ ಉತ್ತರ ಮೇಲೆ, ದಕ್ಷಿಣ ಕೆಳಗೆ" ಎಂದು ಗೋಡೆಯ ಮೇಲಿನ ನಕಾಶೆಗೆ ಬೆತ್ತ ತಾಗಿಸಿ ತಾಗಿಸಿ ಹೇಳಿಕೊಟ್ಟವಳು ನಾನೇ. ಆ ಗೋಡೆಯಾದರೂ ಉತ್ತರದ್ದೇ? ಅಲ್ಲ, ಪಶ್ಚಿಮದ್ದು.

ನನ್ನ ತವರು ಹುಕ್ಕೇರಿ, ಸಂಸಾರ ಗೋಕಾಕದಲ್ಲಿ, ನೌಕರಿ ಮೂಡಲಗಿ ತಾಲ್ಲೂಕಿನಲ್ಲಿ, ಕೌಜಲಗಿ ಕಡೆಗಿನ ಒಂದು ತೋಟದ ಶಾಲೆಯಲ್ಲಿ. ತೋಟದ ಶಾಲೆ ಎಂದರೆ ಊರೊಳಗಿನ ಶಾಲೆಯಲ್ಲ. ನಮ್ಮ ಕಡೆ ಬಹಳ ಮಂದಿ ಊರು ಬಿಟ್ಟು ತಂತಮ್ಮ ಹೊಲದಲ್ಲೇ ಮನೆ ಕಟ್ಟಿಕೊಂಡಿರುತ್ತಾರೆ. ಮನೆಗೂ ಮನೆಗೂ ನಡುವೆ ಕಬ್ಬು. ಆ ಕಬ್ಬಿನ ನಟ್ಟನಡುವೆ ನಮ್ಮ ಮೂರು ಕೋಣೆಯ ಶಾಲೆ. ಬೆಳಗ್ಗೆ ಮಕ್ಕಳು ನಾಲ್ಕೂ ಕಡೆಯ ಬದುವಿನ ಮೇಲಿಂದ ಒಬ್ಬೊಬ್ಬರಾಗಿ ಹೊರಬೀಳುತ್ತಾರೆ, ಸಂಜೆ ಅದೇ ಕಬ್ಬಿನೊಳಗೆ ಮಾಯವಾಗುತ್ತಾರೆ. ಏಳನೆಯ ತರಗತಿಗೆ ನಮ್ಮ ಶಾಲೆ ಮುಗಿಯುತ್ತದೆ. ಎಂಟಕ್ಕೆ ಊರಿನ ಹೈಸ್ಕೂಲಿಗೆ ಹೋಗಬೇಕು.

ಆ ವಾರವೇ ಪಾಲಕರ ಸಭೆಯೂ ಇತ್ತು. ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಮಾತು ಕಡಿಮೆ, ಕೈಬರಹ ಮುತ್ತಿನಂತೆ, ಯಾವ ವಿಷಯವನ್ನೂ ಎರಡನೆಯ ಸಲ ಹೇಳಿಸಿಕೊಂಡವಳಲ್ಲ. ಅವಳ ಅಪ್ಪ ಸಭೆ ಮುಗಿದ ಮೇಲೆ ಟೋಪಿ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದರು.

"ಅಕ್ಕೋರ, ಈ ವರ್ಷ ಆತಂದ್ರ ಈಕಿದು ಸಾಲಿ ಸಾಕ್ರಿ. ಊರಾಗಿನ ಹೈಸ್ಕೂಲ ಭಾಳ ದೂರ ಆಗತೈತಿ."

"ಎಲ್ಲಿ ದೂರ ಅಣ್ಣಾರ? ಕೆನಾಲ್ ದಂಡಿ ಹಿಡದ ಹೋದ್ರ ಎರಡ ಕಿಲೋಮೀಟರ್ ಸೈತ ಆಗೂದಿಲ್ಲ" ಎಂದೆ. ಅವರು ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ.

"ಅಳದೀರೇನ್ರಿ?"

ಅಳೆದಿರಲಿಲ್ಲ. ಆ ದಾರಿಯಲ್ಲಿ ನಾನು ಒಮ್ಮೆಯೂ ನಡೆದಿರಲಿಲ್ಲ. ಬಾಯಿಗೆ ಬಂದ ಸಂಖ್ಯೆ ಹೇಳಿ ಗೆಲ್ಲಲು ಹೋಗಿದ್ದೆ. ಬಾಗಿಲ ಬಳಿ ಹುಡುಗಿ ಚೀಲ ಹೆಗಲಿಗೇರಿಸಿಕೊಂಡು ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಬಸ್ಸಿನಲ್ಲಿ ಗೋಕಾಕ ತಲುಪುವವರೆಗೂ ಆ ಒಂದು ಪ್ರಶ್ನೆ ನನ್ನನ್ನು ಕುಟುಕುತ್ತಲೇ ಇತ್ತು. ಮನೆ ಮುಟ್ಟುವ ಹೊತ್ತಿಗೆ ನಿರ್ಧಾರವಾಗಿತ್ತು: ಈ ವರ್ಷ ಭೂಗೋಳವನ್ನು ಪುಸ್ತಕದಿಂದ ಕಲಿಸುವುದಿಲ್ಲ, ಅಳೆದು ಕಲಿಸುತ್ತೇನೆ.

ಮರುದಿನ ಗೋಡೆಯ ನಕಾಶೆ ಕೆಳಗಿಳಿಸಿ ನೆಲದ ಮೇಲೆ ಹಾಸಿದೆ. ಆದರೆ ಯಾವ ಕಡೆಗೆ ತಿರುಗಿಸಿ ಹಾಸುವುದು? ಮೊಬೈಲಿನಲ್ಲಿ ದಿಕ್ಸೂಚಿ ಇದೆ, ತೆರೆದರೆ ಒಂದು ನಿಮಿಷದ ಕೆಲಸ. ಆದರೆ ನನ್ನ ಮಾತನ್ನು ನಂಬಿ ಫ್ಯಾನು ತೋರಿಸಿದ ಮಕ್ಕಳು ಇನ್ನು ಮೊಬೈಲನ್ನು ನಂಬುತ್ತಾರೆ, ಅಷ್ಟೆ. ಅಂಗಳದಲ್ಲಿ ಒಂದು ನೆಟ್ಟಗಿನ ಕೋಲು ನೆಟ್ಟು, ಅದಕ್ಕೆ ಹಗ್ಗ ಕಟ್ಟಿ ಸುತ್ತಲೂ ದೊಡ್ಡ ವೃತ್ತ ಎಳೆಸಿದೆ. ಬೆಳಗ್ಗೆ ಕೋಲಿನ ನೆರಳು ಉದ್ದವಿರುತ್ತದೆ, ಹೊತ್ತು ಏರಿದಂತೆ ಗಿಡ್ಡವಾಗುತ್ತದೆ. ನೆರಳಿನ ತುದಿ ವೃತ್ತದ ಗೆರೆಯನ್ನು ಮುಟ್ಟಿದ ಕ್ಷಣ ಅಲ್ಲೊಂದು ಕಲ್ಲು. ಮಧ್ಯಾಹ್ನದ ನಂತರ ನೆರಳು ಮತ್ತೆ ಬೆಳೆದು ಆಚೆ ಬದಿಯಲ್ಲಿ ಗೆರೆ ಮುಟ್ಟಿದಾಗ ಇನ್ನೊಂದು ಕಲ್ಲು. ಮೊದಲನೆಯದು ಪಶ್ಚಿಮ, ಎರಡನೆಯದು ಪೂರ್ವ. ಕೇಳಲು ಸುಲಭ. ಮೊದಲ ದಿನ ಎರಡನೆಯ ಕಲ್ಲು ಇಡುವ ಹೊತ್ತಿಗೆ ಕೋಲೇ ಇರಲಿಲ್ಲ. ಬಿಸಿಯೂಟದ ಅಡುಗೆಯಾಕೆ ಅದನ್ನು ಕಿತ್ತುಕೊಂಡು ನಾಯಿ ಓಡಿಸುತ್ತಿದ್ದಳು.

"ಅಕ್ಕಾ, ಅದು ನಮ್ಮ ಸೂರ್ಯನ ಕೋಲವಾ!" ಎಂದು ಕೂಗಿದೆ.

"ಸೂರ್ಯ ಎಲ್ಲೂ ಓಡಿ ಹೋಗೂದಿಲ್ರಿ ಅಕ್ಕೋರ, ನಾಯಿ ರೊಟ್ಟಿ ತಗೊಂಡ ಓಡಿತ್ರಿ" ಎಂದಳು.

ಎರಡನೆಯ ದಿನ ಮೋಡ. ಮೂರನೆಯ ದಿನ ಎರಡೂ ಕಲ್ಲು ಸಿಕ್ಕವು. ಅವುಗಳ ನಡುವೆ ದಾರ ಎಳೆದು, ಅದಕ್ಕೆ ಅಡ್ಡಲಾಗಿ ಮತ್ತೊಂದು ಗೆರೆ ಹಾಕಿ, ಸುಣ್ಣದಲ್ಲಿ ಬಾಣ ಬರೆದೆವು. ಬಾಣದ ತುದಿ ಅಡುಗೆಮನೆಯ ಕಡೆಗಿತ್ತು. "ಉತ್ತರ ಮ್ಯಾಲ ಇಲ್ಲೇನ್ರಿ ಹಂಗಾರ?" ಎಂದು ಆರನೆಯ ತರಗತಿಯ ಒಬ್ಬ ಬೇಸರದಿಂದ ಕೇಳಿದ. ಅಲ್ಲಿಂದ ಮುಂದೆ ಯಾವ ನಕಾಶೆಯನ್ನಾದರೂ ಆ ಬಾಣದ ಮೇಲೆ ಹಾಸಿಯೇ ಓದುವುದು ನಮ್ಮ ಪದ್ಧತಿಯಾಯಿತು.

ಆಮೇಲೆ ಬೆಲ್ಲದ ಆಟ. ಅಂಗಳದಲ್ಲಿ ಎಲ್ಲೋ ಒಂದು ಬೆಲ್ಲದ ತುಂಡನ್ನು ಡಬ್ಬಿಯಲ್ಲಿಟ್ಟು ಹೂಳುತ್ತಿದ್ದೆ. ಚೀಟಿಯಲ್ಲಿ, "ಗಂಟೆಯ ಕಂಬದಿಂದ ಪೂರ್ವಕ್ಕೆ ಹದಿನೈದು ಹೆಜ್ಜೆ, ಅಲ್ಲಿಂದ ಉತ್ತರಕ್ಕೆ ಎಂಟು" ಎಂದು ಬರೆಯುತ್ತಿದ್ದೆ. ನಾಲ್ಕು ಗುಂಪು ನಾಲ್ಕು ಕಡೆ ಅಗೆದವು. ಗಿಡ್ಡ ಹುಡುಗನ ಹದಿನೈದು ಹೆಜ್ಜೆ ಬೇವಿನ ಮರದ ಈಚೆಗೇ ಮುಗಿದರೆ, ಉದ್ದನೆಯವಳ ಹೆಜ್ಜೆ ಬೇಲಿಗೆ ಹೋಗಿ ಡಿಕ್ಕಿ ಹೊಡೆಯಿತು. ಹೆಜ್ಜೆ ನಂಬಿದರೆ ಬೆಲ್ಲ ಸಿಗುವುದಿಲ್ಲ ಎಂದು ಅವರಿಗೇ ಹೊಳೆದ ಮೇಲೆ ಅಳತೆಯ ಮಾತು ಬಂತು. ಪರಿಹಾರ ತಂದವಳು ಆ ಮುತ್ತಿನ ಕೈಬರಹದ ಹುಡುಗಿ. ಅಕ್ಕನ ಹಳೆಯ, ಚೈನು ಹರಿದ ಸೈಕಲ್ ತಳ್ಳಿಕೊಂಡು ಬಂದಿದ್ದಳು.

"ಗಾಲಿ ಒಂದ ಸುತ್ತ ತಿರಿಗಿದ್ರ ಎಲ್ಲಾರಿಗೂ ಅಷ್ಟ ರೀ" ಎಂದಳು.

ಸ್ಕೇಲು ಹಿಡಿದು ಅಳೆದೆವು. ಒಂದು ಸುತ್ತಿಗೆ ಎರಡು ಮೀಟರಿಗೆ ನಾಲ್ಕು ಬೆರಳು ಕಡಿಮೆ. ಗಾಲಿಯ ಒಂದು ಕಡ್ಡಿಗೆ ರಟ್ಟಿನ ಚೂರು ಕಟ್ಟಿದೆವು. ಪ್ರತಿ ಸುತ್ತಿಗೂ ಅದು ಚೌಕಟ್ಟಿಗೆ ತಾಗಿ ಟಕ್ ಎನ್ನುತ್ತಿತ್ತು. ಒಬ್ಬರು ತಳ್ಳುವುದು, ಒಬ್ಬರು ಟಕ್ ಎಣಿಸುವುದು, ಒಬ್ಬರು ನೂರಕ್ಕೊಂದು ಹುಣಸೆಬೀಜ ಜೇಬಿಗೆ ಹಾಕಿಕೊಳ್ಳುವುದು. ಮನೆಯಿಂದ ಶಾಲೆಗೆ, ಶಾಲೆಯಿಂದ ಬಾವಿಗೆ, ಎಲ್ಲೆಲ್ಲೂ ಟಕ್ ಟಕ್. ಸೈಕಲ್ ಒಂದೇ, ಪಾಳಿಗೆ ಜಗಳವೋ ಜಗಳ. ಪುಸ್ತಕದ ಪಾಠಕ್ಕೆ ಆಕಳಿಸುತ್ತಿದ್ದ ಮಕ್ಕಳು ರವಿವಾರವೂ ಅಳೆಯಲು ಬರುತ್ತೇವೆಂದರು.

ಡಿಸೆಂಬರ್ ಹೊತ್ತಿಗೆ ಪ್ರತಿಯೊಬ್ಬರೂ ತಮ್ಮ ಮನೆಯಿಂದ ಶಾಲೆಯವರೆಗಿನ ನಕಾಶೆ ಬರೆದರು. ಹುಡುಗಿಯದು ಎಲ್ಲಕ್ಕಿಂತ ಅಚ್ಚುಕಟ್ಟು. ಶಾಲೆಗೆ ಹೊಸದಾಗಿ ಬಂದಿದ್ದ ಹೆಡ್ ಮಾಸ್ತರರಿಗೆ ಇಲ್ಲಿನ ಒಂದು ಬದುವೂ ಗೊತ್ತಿರಲಿಲ್ಲ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಉಂಟೇ? ಸಂಕ್ರಾಂತಿ ಮುಗಿದ ಮೇಲೆ ಅವಳ ನಕಾಶೆ ಅವರ ಕೈಗಿಟ್ಟು, "ಸರ್, ಯಾರನ್ನೂ ಕೇಳದ ಈಕಿ ಮನಿ ಮುಟ್ಟಿ ಬರ್ರಿ" ಎಂದೆ. ಮಕ್ಕಳೆಲ್ಲ ಬೇಲಿಗೆ ನಿಂತು ಬೀಳ್ಕೊಟ್ಟರು. ಅರ್ಧ ಗಂಟೆಯಲ್ಲಿ ಬರಬೇಕಾದವರು ಒಂದೂವರೆ ಗಂಟೆಯಾದರೂ ಬರಲಿಲ್ಲ. ಕೊನೆಗೆ ಬಂದದ್ದು ಕಬ್ಬು ಕಡಿಯುವವರ ಟ್ರ್ಯಾಕ್ಟರಿನಲ್ಲಿ ಕೂತು. ಪ್ಯಾಂಟಿನ ತುಂಬ ಸುಟ್ಟ ಕಬ್ಬಿನೆಲೆಯ ಬೂದಿ.

"ನಿಮ್ಮ ನಕಾಶ್ಯಾಗ 'ಎತ್ತರದ ಕಬ್ಬ ಬಂದಲ್ಲಿ ಎಡಕ್ಕ ತಿರಗು' ಅಂತ ಐತಿ" ಎಂದರು ಅವರು, ಬೂದಿ ಕೊಡವುತ್ತ. "ಆ ಕಬ್ಬು ಫ್ಯಾಕ್ಟರಿಗಿ ಹೋಗೇತಿ. ನಾನೂ ಅದರ ಬೆನ್ನ ಹತ್ತಿ ಹೋಗಬೇಕಾಗಿತ್ತೇನ?"

ಮಕ್ಕಳು ನಕ್ಕು ನಕ್ಕು ಕೆಳಗೆ ಬಿದ್ದರು. ಹುಡುಗಿ ನಗಲಿಲ್ಲ. ಎಲ್ಲರ ನಕಾಶೆ ತೆಗೆಸಿ ನೋಡಿದೆ. ಇಪ್ಪತ್ತಾರರಲ್ಲೂ ಕಬ್ಬೇ ಗುರುತು. ಹುಟ್ಟಿದಾಗಿನಿಂದ ಕಬ್ಬನ್ನೇ ಗೋಡೆಯಂತೆ ನೋಡಿದ ಮಕ್ಕಳಿಗೆ ಅದು ಕಡಿದು ಹೋಗುವ ಗೋಡೆ ಎಂಬುದು ಗೊತ್ತಿಲ್ಲದ್ದೇನಲ್ಲ, ಆದರೆ ಬರೆಯುವಾಗ ನೆನಪಾಗಲಿಲ್ಲ. ತಿದ್ದುತ್ತ ಕೂತ ನನಗೂ ನೆನಪಾಗಲಿಲ್ಲ. ಎರಡು ಮೂರು ತಿಂಗಳ ಕೆಲಸ ನೀರಿನಲ್ಲಿ ಹೋಯಿತೆಂದು ಆ ದಿನ ಮನಸ್ಸು ಬಹಳ ಕುಗ್ಗಿತು.

ಮರುದಿನ ಕಪ್ಪುಹಲಗೆಯ ಮೇಲೆ ಒಂದೇ ಪ್ರಶ್ನೆ ಬರೆದೆ: ಮುಂದಿನ ವರ್ಷವೂ ಅಲ್ಲೇ ಇರುವುದು ಯಾವುದು? ಚರ್ಚೆ ಜೋರಾಯಿತು. ಮೇವಿನ ಬಣವೆ ಬೇಡ, ದನ ತಿನ್ನುತ್ತವೆ. ದನ ಬೇಡ, ಮಾರುತ್ತಾರೆ. ತಮ್ಮ ಮನೆಯ ನಾಯಿ ಹತ್ತು ವರ್ಷದಿಂದ ಅದೇ ಕಟ್ಟೆಯ ಮೇಲೆ ಮಲಗುತ್ತದೆ, ಅದನ್ನು ಹಾಕಲೇಬೇಕು ಎಂದು ಒಬ್ಬಳು ಹಟ ಹಿಡಿದಳು. ಕಟ್ಟೆ ಹಾಕೋಣ, ನಾಯಿ ಬೇಡ ಎಂದು ರಾಜಿಯಾಯಿತು. ಉಳಿದದ್ದು ಬಾವಿ, ಬೇವಿನ ಮರ, ಟಿಸಿ ಎಂದು ಕರೆಯುವ ಕರೆಂಟಿನ ಟ್ರಾನ್ಸ್‌ಫಾರ್ಮರ್, ಕಾಲುವೆಯ ಸಣ್ಣ ಸೇತುವೆಗಳು, ಹೊಲಕ್ಕೆ ನೀರು ಬಿಡುವ ತೂಬುಗಳು. ಒಂದೊಂದಕ್ಕೂ ಒಂದು ಚಿಹ್ನೆ ಮಾಡಿ, ನಕಾಶೆಯ ಕೆಳಗಿನ ಮೂಲೆಯಲ್ಲಿ ಚೌಕ ಹಾಕಿ, ಯಾವ ಚಿಹ್ನೆಗೆ ಏನರ್ಥ ಎಂದು ಬರೆದರು. ಅದಕ್ಕೆ ಸೂಚಿ ಎನ್ನುತ್ತಾರೆಂದು ಹೇಳಿಕೊಟ್ಟೆ. ಆಮೇಲೆ ಸೈಕಲ್ ಮತ್ತೆ ಹೊರಟಿತು, ಈ ಸಲ ಕಾಲುವೆಯ ದಂಡೆಯ ಮೇಲೆ, ಹುಡುಗಿಯ ಮನೆಯಿಂದ ಹೈಸ್ಕೂಲಿನ ಗೇಟಿನವರೆಗೆ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನಾನೂ ಜೊತೆಗೆ ನಡೆದೆ.

ಎರಡು ಸಾವಿರದ ನೂರಾ ಮೂವತ್ತು ಸುತ್ತು. ಹುಣಸೆಬೀಜ ಎಣಿಸಿ, ಗುಣಿಸಿ, ನಾನೇ ಮತ್ತೊಮ್ಮೆ ಗುಣಿಸಿದೆ. ನಾಲ್ಕು ಕಿಲೋಮೀಟರಿನ ಮೇಲೆ ನೂರು ಮೀಟರು ಚಿಲ್ಲರೆ. ಸೆಂಟಿಮೀಟರಿಗೆ ಐವತ್ತು ಮೀಟರಿನ ಲೆಕ್ಕದಲ್ಲಿ ಹಳೆಯ ಕ್ಯಾಲೆಂಡರುಗಳ ಬೆನ್ನು ಜೋಡಿಸಿ ಬರೆದರೆ, ದಾರಿ ಎಂಬತ್ತೆರಡು ಸೆಂಟಿಮೀಟರ್ ಬಂತು. ನಾನು ಹೇಳಿದ್ದರ ಎರಡು ಪಟ್ಟಿಗೂ ಹೆಚ್ಚು. ಅವಳ ಅಪ್ಪ ಹೇಳಿದ್ದೇ ಸರಿ, ದೂರವೇ.

ಆಗ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಹುಡುಗಿ ಪೆನ್ಸಿಲ್ ಹಿಡಿದು ದೂರ ಬರೆಯಲು ಕೂತಿದ್ದಳು. "ಹೋಗ್ಲಿ ಬಿಡು, ಸುಮಾರ ಮೂರ ಅಂತ ಬರಿ. ಯಾರ ಅಳೀತಾರ?" ಎಂದೆ. ಅವಳು ಪೆನ್ಸಿಲ್ ಕೆಳಗಿಟ್ಟಳು. ಶಾಲೆ ಬಿಡುವುದು ಯಾರಿಗೆ ತಪ್ಪಬೇಕಿತ್ತೋ ಅವಳೇ ತಲೆ ಎತ್ತದೆ ಹೇಳಿದಳು:

"ನೀವ ಹೇಳೀರಲ್ರಿ ಅಕ್ಕೋರ, ನಕಾಶ್ಯಾಗ ಮನಸಿಗೆ ಬಂದಂಗ ಬರೀಬಾರದಂತ. ಹೆಡ್ ಮಾಸ್ತರ್ ಹಂಗ ಮತ್ತ ಯಾರರೆ ದಾರಿ ತಪ್ಪತಾರ್ರಿ."

ಪೆನ್ಸಿಲ್ ಎತ್ತಿ ಅವಳ ಕೈಗೆ ಕೊಟ್ಟು, ನಾಲ್ಕು ಕಿಲೋಮೀಟರ್ ನೂರು ಮೀಟರ್ ಎಂದೇ ಬರೆಸಿದೆ. ಆದರೆ ಅಷ್ಟಕ್ಕೇ ಕೈಬಿಡುವ ಜಾಯಮಾನ ನನ್ನದಲ್ಲ. ಸಂಖ್ಯೆ ಸುಳ್ಳಾಗಬಾರದು, ಸರಿ. ಹಾಗಾದರೆ ಆ ದಾರಿಯ ಬಗ್ಗೆ ಇನ್ನೇನೇನು ನಿಜವಿದೆಯೋ ಅದೆಲ್ಲವೂ ನಕಾಶೆಯಲ್ಲಿ ಬರಲಿ ಎಂದುಕೊಂಡೆ. ಅಲ್ಲಿಯವರೆಗೆ ಒಬ್ಬೊಬ್ಬರದು ಒಂದೊಂದು ನಕಾಶೆಯಿತ್ತು. ಇಪ್ಪತ್ತಾರನ್ನೂ ಸೇರಿಸಿ ಒಂದೇ ನಕಾಶೆ ಮಾಡೋಣ, ಹಾಳೆಯ ಮೇಲಲ್ಲ, ಇಡೀ ಅಂಗಳದ ಮೇಲೆ ಎಂದು ತೀರ್ಮಾನಿಸಿದೆ.

ಅದಕ್ಕೆ ಹನ್ನೊಂದು ದಿನ ಹಿಡಿಯಿತು. ಉತ್ತರದ ಬಾಣಕ್ಕೆ ಸರಿಯಾಗಿ ಸುಣ್ಣದಲ್ಲಿ ಕಾಲುವೆ ಎಳೆದು, ತೂಬಿಗೊಂದು ಇಟ್ಟಿಗೆ, ಟಿಸಿಗೊಂದು ಬಾಟಲಿ ಮುಚ್ಚಳ ಇಟ್ಟೆವು. ನಡುವೆ ಒಮ್ಮೆ ಆಡುಗಳು ನುಗ್ಗಿ ಅರ್ಧ ತಾಲ್ಲೂಕನ್ನು ತುಳಿದು ಹೋದವು. ಮತ್ತೆ ಎಳೆದೆವು. ಮುಗಿದ ಮೇಲೆ, "ಎಲ್ಲಾರೂ ನಿಮ್ಮ ನಿಮ್ಮ ಮನಿ ಮ್ಯಾಲ ನಿಂದರ್ರಿ" ಎಂದೆ. ಗದ್ದಲ ಮಾಡುತ್ತ ಹೋಗಿ ನಿಂತರು. ನಿಂತವರು ಸುತ್ತ ನೋಡಿದರು.

ಏಳನೆಯ ತರಗತಿಯ ನಾಲ್ಕೂ ಹುಡುಗಿಯರು ಒಂದೇ ಕಾಲುವೆಯ ಗುಂಟ ನಿಂತಿದ್ದರು. ನಮ್ಮ ಶಾಲೆಗೆ ಒಬ್ಬಳು ಉತ್ತರದ ಬದುವಿನಿಂದ, ಒಬ್ಬಳು ಬಾವಿಯ ಕಡೆಯಿಂದ, ಹೀಗೆ ಬೇರೆ ಬೇರೆ ದಿಕ್ಕಿನಿಂದ ಬರುತ್ತಿದ್ದುದರಿಂದ ತಮ್ಮ ಮನೆಗಳು ದೂರ ದೂರ ಎಂದೇ ಅವರು ತಿಳಿದಿದ್ದರು. ಮನೆಯವರೂ ಹಾಗೆಯೇ ತಿಳಿದಿದ್ದರು. ನಡುವೆ ಕಬ್ಬು, ಒಂದು ಮನೆಯ ಅಂಗಳ ಇನ್ನೊಂದಕ್ಕೆ ಕಾಣದು. ಊರಿನ ಕಡೆ ಹೊರಟರೆ ಮಾತ್ರ ನಾಲ್ವರ ಕಾಲುದಾರಿಗಳೂ ಅದೇ ದಂಡೆಗೆ ಬಂದು ಕೂಡುತ್ತವೆ. ಉಳಿದ ಮೂವರೂ ಮುಂದಿನ ವರ್ಷ ಹೈಸ್ಕೂಲಿಗೆ ಹೋಗುವವರೇ.

"ಏ, ಇಷ್ಟ ಬಾಜೂಕ ಅದೀಯೇನ ನೀ?" ಎಂದು ಹುಡುಗಿ ಮುಂದಿನ ತೂಬಿನ ಹತ್ತಿರ ನಿಂತವಳನ್ನು ಕೇಳಿದಳು. ನನಗೆ ಆಗ ಹೊಳೆಯಿತು. ಅವಳ ಅಪ್ಪ ದೂರ ಎಂದಾಗ ನಾನು ಕಿಲೋಮೀಟರ್ ಕೇಳಿಸಿಕೊಂಡಿದ್ದೆ. ಅವರು ಹೇಳಿದ್ದು, ಆಳೆತ್ತರದ ಕಬ್ಬಿನ ನಡುವೆ ಮಗಳು ಒಬ್ಬಳೇ ನಡೆಯಬೇಕಲ್ಲ ಎಂಬುದನ್ನು. ಅದನ್ನೇ ಅಳೆಯಬೇಕಿತ್ತು.

ಮರುದಿನ ಅಳೆದೆವು. ಅವಳ ಮನೆಯಿಂದ, ಮೊದಲ ಗೆಳತಿಯ ಕಾಲುದಾರಿ ಬಂದು ಕೂಡುವ ತೂಬಿನವರೆಗೆ ನೂರಾ ಅರವತ್ತು ಸುತ್ತು. ಮುನ್ನೂರು ಮೀಟರಿನ ಆಸುಪಾಸು. ಕ್ಯಾಲೆಂಡರಿನ ನಕಾಶೆಯಲ್ಲಿ ಅಷ್ಟನ್ನು ಕೆಂಪು ಪೆನ್ಸಿಲಿನಿಂದ, ಉಳಿದುದನ್ನು ಹಸಿರಿನಿಂದ ಎಳೆದಳು. ಸೂಚಿಯಲ್ಲಿ ಅವಳ ಮುತ್ತಿನಕ್ಷರ: ಕೆಂಪು, ಒಬ್ಬಳೇ ನಡೆಯುವ ದಾರಿ. ಹಸಿರು, ಗೆಳತಿಯರ ಜೊತೆ. ಎಂಬತ್ತೆರಡು ಸೆಂಟಿಮೀಟರಿನಲ್ಲಿ ಕೆಂಪು ಆರೇ ಸೆಂಟಿಮೀಟರ್.

ಮಾರ್ಚಿನ ಪಾಲಕರ ಸಭೆಯನ್ನು ಅಂಗಳದಲ್ಲೇ ಇಟ್ಟೆ. ಭಾಷಣ ಬೇಡವೆಂದು ಹೆಡ್ ಮಾಸ್ತರರಿಗೆ ಮೊದಲೇ ಕೈ ಮುಗಿದಿದ್ದೆ. ಮಕ್ಕಳೇ ತಂತಮ್ಮ ತಂದೆತಾಯಿಯನ್ನು ಕರೆದೊಯ್ದು ಮನೆ ತೋರಿಸಿದರು. ಹುಡುಗಿಯ ಅಪ್ಪ ಚಪ್ಪಲಿ ಬಿಟ್ಟು, ಸುಣ್ಣದ ಗೆರೆ ತುಳಿಯದಂತೆ ದಾಟಿ, ತಮ್ಮ ಮನೆಯ ಗುರುತಿನ ಮೇಲೆ ನಿಂತರು. ಮಗಳು ಕ್ಯಾಲೆಂಡರಿನ ನಕಾಶೆ ಬಿಚ್ಚಿ ಅವರ ಕಾಲ ಬಳಿ ಹಾಸಿದಳು.

"ಈ ಕೆಂಪಂದ ಏನಬೇ ಇದು?"

"ನಾ ಒಬ್ಬಾಕಿನ ನಡಿಯೂದ ಅಪ್ಪಾ."

"ಹಸರಂದು?"

"ಮೊದಲ ಇಬ್ಬರು, ಆಮ್ಯಾಲ ಮೂವರು, ಆಮ್ಯಾಲ ನಾಕೂ ಮಂದಿ."

"ಖರೆ ಅಳದೀಯೇನ?"

"ಎರಡ ಸಲ ಅಳದೇನಿ."

ಅವರು ಕುಕ್ಕರಗಾಲಿನಲ್ಲಿ ಕೂತು ಬೆರಳಿನಿಂದ ಗೆರೆಯ ಗುಂಟ ಹೋದರು. ತೂಬು ಬಂದಲ್ಲಿ ತಡೆದು, ಅದು ಎಷ್ಟನೆಯದೆಂದು ಎಣಿಸಿ, ಮುಂದೆ ಹೋದರು. ಅಕ್ಷರ ಓದಲು ತಡವರಿಸುವ ಮನುಷ್ಯ ಆ ನಕಾಶೆಯನ್ನು ನನಗಿಂತ ಸಲೀಸಾಗಿ ಓದಿದರು. ಕೊನೆಗೆ ಎದ್ದು, "ನೋಡೂಣ್ರಿ ಅಕ್ಕೋರ" ಎಂದಷ್ಟೇ ಹೇಳಿ ಹೊರಟರು. ನಮ್ಮ ಕಡೆ ನೋಡೋಣ ಎಂದರೆ ಬಹುತೇಕ ಇಲ್ಲ ಎಂದೇ ಅರ್ಥ. ಸುಣ್ಣ ತುಂಬಿದ ಅಂಗಳದಲ್ಲಿ ನಾನು ಸೋತವಳಂತೆ ನಿಂತಿದ್ದೆ. ಹುಡುಗಿ ಮಾತ್ರ ನಕಾಶೆಯನ್ನು ಮಡಿಕೆ ಕೆಡದಂತೆ ಸುತ್ತಿ ಕಪಾಟಿನಲ್ಲಿಟ್ಟಳು.

ನಾಲ್ಕು ದಿನದ ನಂತರ ಬೆಳಗ್ಗೆ ಪ್ರಾರ್ಥನೆಯ ಹೊತ್ತಿಗೆ ಬೇಲಿಯ ಆಚೆ ಟಕ್ ಟಕ್ ಸದ್ದು ಕೇಳಿಸಿತು. ಮಕ್ಕಳೆಲ್ಲ ಸಾಲಿನಲ್ಲೇ ನಿಂತಿದ್ದರು, ಹಾಗಾದರೆ ಸೈಕಲ್ ತಳ್ಳುತ್ತಿರುವವರು ಯಾರು? ಹುಡುಗಿಯ ಅಪ್ಪ. ಧೋತರದ ಅಂಚಿಗೆ ಕೆಂಪು ಧೂಳು. ಸೈಕಲ್ ಬೇವಿನ ಮರಕ್ಕೆ ಆನಿಸಿ ಬಂದರು.

"ಹೊತ್ತ ಮೂಡೂಕ ಮನಿ ಬಿಟ್ಟೇನ್ರಿ. ಹೈಸ್ಕೂಲ ಗೇಟಿನ ತನಕಾ ಹೋಗಿ ಬಂದ್ನಿ. ನಿಮ್ಮ ಲೆಕ್ಕದಾಗ ಹನ್ನೊಂದ ಸುತ್ತ ಕಡಿಮಿ ಐತಿ."

ಹುಡುಗಿ ಸಾಲು ಬಿಟ್ಟು ಓಡಿ ಬಂದಳು.

"ಎಲ್ಲಿಂದ ಚಾಲೂ ಮಾಡಿದಿ ಅಪ್ಪಾ?"

"ಒಳಗಿನ ಹೊಸ್ತಲದಿಂದ."

"ನಾವು ಅಂಗಳದ ಆಚೀ ಕಟ್ಟಿಯಿಂದ ಎಣಿಸೇವಿ. ಹೊಸ್ತಲದಿಂದ ಕಟ್ಟಿ ತನಕಾ ಹನ್ನೊಂದ ಆಗೂದ."

ಅವರು ಒಂದು ಗಳಿಗೆ ಲೆಕ್ಕ ಹಾಕಿದರು, ತಲೆಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಕ್ಕೋರ, ಆ ಕೆಂಪ ಗೆರಿ ಅಳಿಸಿಬಿಡ್ರಿ. ಮುಂಜಾನಿ ನೀರ ಹಾಯಸಾಕ ನಾ ಹೆಂಗೂ ಆ ತೂಬಿನ ತನಕಾ ಹೋಗಾವ. ಈಕಿನ್ನ ಅಲ್ಲಿ ಬಿಟ್ಟ ಮುಂದ ಹೊಕ್ಕೇನಿ. ಸಂಜೀಕೂ ಅಲ್ಲೇ ನಿಂದರತೇನಿ."

ಕಣ್ಣು ತುಂಬಿ ಬಂತು. ಮಕ್ಕಳಿಗೆ ಕಾಣದಿರಲೆಂದು ಕಪಾಟಿನತ್ತ ಹೋಗಿ ನಕಾಶೆ ತಂದು ಉತ್ತರದ ಬಾಣದ ಮೇಲೆ ಹಾಸಿದೆ, ರಬ್ಬರನ್ನು ಹುಡುಗಿಯ ಕೈಗೆ ಕೊಟ್ಟೆ. ಅವಳು ನಕಾಶೆಯ ಮುಂದೆ ಕೂತು ಕೆಂಪು ಗೆರೆಯ ಗುಂಟ ಬೆರಳಾಡಿಸಿದಳು.

"ಗೆರಿ ಅಳಿಸೂದ ಬ್ಯಾಡ್ರಿ" ಎಂದಳು. "ದಾರಿ ಅಲ್ಲೇ ಐತಲ್ರಿ."

ರಬ್ಬರು ಕೆಳಗಿನ ಮೂಲೆಗೆ, ಸೂಚಿಯ ಚೌಕಕ್ಕೆ ಹೋಯಿತು. ಕೆಂಪಿನ ಮುಂದಿದ್ದ "ಒಬ್ಬಳೇ ನಡೆಯುವ ದಾರಿ" ಎಂಬುದನ್ನು ನಿಧಾನವಾಗಿ ಒರೆಸಿ, ಪುಡಿ ಊದಿ, ಅದೇ ಜಾಗದಲ್ಲಿ ಬರೆದಳು: ಅಪ್ಪನ ಜೊತೆ.